ಭರಣಿ ಮಳೆಯ ಬೆನ್ನಿಗೇ ಹಿತ್ತಿಲು ತುಂಬಿದ ಕಳೆ: ಕೀಳುವ ಮುನ್ನ ಬುಡ ನೋಡಿ

ಪ್ರಶ್ನೆ: ಮೈಸೂರಿನಲ್ಲಿ ನಮ್ಮ ಮನೆಯ ಹಿಂದೆ 15 ಅಡಿ ಅಗಲ, 30 ಅಡಿ ಉದ್ದದ ಹಿತ್ತಿಲಿದೆ. ಮಲ್ಲಿಗೆ, ದಾಸವಾಳ, ಕರಿಬೇವು, ಒಂದು ನಿಂಬೆ ಗಿಡ ಇವೆ. ಉಳಿದ ಜಾಗದಲ್ಲಿ ಸೊಪ್ಪು, ತರಕಾರಿ ಹಾಕುವ ಆಸೆಯಿಂದ ಹೋದ ವರ್ಷ ಒಂದು ಲೋಡು ಕೆಂಪು ಮಣ್ಣು, ಎರಡು ಗಾಡಿ ಕೊಟ್ಟಿಗೆ ಗೊಬ್ಬರ ಹಾಕಿಸಿದೆವು. ಏಪ್ರಿಲ್ ಕೊನೆಯಿಂದ ಮಳೆ ಬೀಳುತ್ತಿದೆ. ಹತ್ತೇ ದಿನದಲ್ಲಿ ನೆಲ ಕಾಣದಷ್ಟು ಕಳೆ ಬಂತು. ಒಮ್ಮೆ ಪೂರ್ತಿ ಕಿತ್ತೆವು. ವಾರದೊಳಗೆ ಹುಲ್ಲಿನಂಥದ್ದು ಮತ್ತೆ ಬೆರಳುದ್ದ ಎದ್ದಿದೆ. ಕಾಂಗ್ರೆಸ್ ಗಿಡವೂ ಅಲ್ಲಲ್ಲಿ ಇದೆ. ಪಕ್ಕದ ಮನೆಯವರು ಉಪ್ಪು ಮತ್ತು ವಿನೆಗರ್ ಕಲಸಿ ಹೊಡೆಯಿರಿ ಎನ್ನುತ್ತಾರೆ. ಗೊಬ್ಬರದ ಅಂಗಡಿಯವರು ಕಳೆನಾಶಕ ಕೊಡುತ್ತೇವೆ ಎನ್ನುತ್ತಾರೆ. ಮಾಲಿ, ಇಡೀ ನೆಲ ಒಂದಡಿ ಅಗೆದು ಮಗುಚಿದರೆ ಸರಿಹೋಗುತ್ತದೆ ಎನ್ನುತ್ತಾನೆ. ಮನೆಯಲ್ಲಿ ನಾಲ್ಕು ವರ್ಷದ ಮೊಮ್ಮಗಳಿದ್ದಾಳೆ, ನಾಯಿ ಇದೆ. ಯಾವುದು ಸರಿ?

ಉತ್ತರ: ನಿಮ್ಮ ಆತಂಕ ಎರಡು. ಕಿತ್ತರೂ ಏಕೆ ಮತ್ತೆ ಬರುತ್ತಿದೆ ಎಂಬುದು ಒಂದು. ಮಗು, ನಾಯಿ ಓಡಾಡುವ ಜಾಗದಲ್ಲಿ ಏನನ್ನು ಧೈರ್ಯವಾಗಿ ಬಳಸಬಹುದು ಎಂಬುದು ಇನ್ನೊಂದು. ಎರಡನೆಯದಕ್ಕೆ ನೇರ ಉತ್ತರವಿದೆ: 450 ಚದರ ಅಡಿಯ ಹಿತ್ತಿಲಿಗೆ ಯಾವ ಸಿಂಪಡಣೆಯೂ ಬೇಡ. ಮೊದಲನೆಯದಕ್ಕೆ ಸ್ವಲ್ಪ ವಿವರ ಬೇಕು, ಏಕೆಂದರೆ ನಿಮ್ಮ ಹಿತ್ತಿಲಲ್ಲಿರುವುದು ಒಂದು ಕಳೆಯಲ್ಲ. ಬೇರೆ ಬೇರೆ ರೀತಿಯಲ್ಲಿ ಬದುಕುವ ಮೂರು ನಾಲ್ಕು ಗುಂಪುಗಳಿವೆ. ಒಂದನ್ನು ಕೊಲ್ಲುವ ಕೆಲಸವೇ ಇನ್ನೊಂದನ್ನು ಬೆಳೆಸುತ್ತದೆ.

‘ಭರಣಿ ಮಳೆ ಧರಣಿಯೆಲ್ಲ ಬೆಳೆ’ ಎನ್ನುತ್ತಾರೆ. ಬೆಳೆಗೆ ಹದವಾದ ನೆಲ ಕಳೆಗೂ ಹದವೇ. ಆದರೆ ಮಳೆ ಕಳೆಯನ್ನು ಹೊತ್ತು ತರುವುದಿಲ್ಲ, ಮಣ್ಣಿನಲ್ಲಿ ಮೊದಲೇ ಇದ್ದದ್ದನ್ನು ಎಬ್ಬಿಸುತ್ತದೆ, ಅಷ್ಟೆ. ನಿಮ್ಮಲ್ಲಿ ಅದು ಬಂದ ದಾರಿ ಬಹುತೇಕ ಸ್ಪಷ್ಟ. ಕೆಂಪು ಮಣ್ಣಿನ ಲೋಡಿನಲ್ಲಿ ಗಡ್ಡೆಗಳು ಬಂದಿವೆ, ಪೂರ್ತಿ ಕೊಳೆಯದ ಕೊಟ್ಟಿಗೆ ಗೊಬ್ಬರದಲ್ಲಿ ಬೀಜಗಳು ಬಂದಿವೆ. ದನದ ಹೊಟ್ಟೆಯಲ್ಲಿ ಹಾದುಬಂದರೂ ಎಷ್ಟೋ ಕಳೆಬೀಜಗಳು ಸಾಯುವುದಿಲ್ಲ. ತಿಪ್ಪೆ ಒಳಗೆ ಕೈ ಇಡಲಾಗದಷ್ಟು, ಅಂದರೆ 55 ಡಿಗ್ರಿಗೂ ಮೇಲೆ, ಕೆಲವು ದಿನ ಕಾವೇರಿದಾಗ ಮಾತ್ರ ಹೆಚ್ಚಿನವು ಸಾಯುತ್ತವೆ. ಗುಡ್ಡೆಯ ಅಂಚಿನ ಗೊಬ್ಬರಕ್ಕೆ ಆ ಕಾವು ತಾಗಿರುವುದಿಲ್ಲ.

ಈಗ ಹಿತ್ತಿಲಿಗೆ ಹೋಗಿ, ಮತ್ತೆ ಎದ್ದಿರುವ ಆ ಹುಲ್ಲಿನಂಥದ್ದರ ಒಂದು ಕಾಂಡವನ್ನು ಎರಡು ಬೆರಳ ನಡುವೆ ಉರುಳಿಸಿ ನೋಡಿ. ಉರುಳದೆ ಮೂರು ಅಂಚು ಕೈಗೆ ತಾಗಿದರೆ ಅದು ಹುಲ್ಲಲ್ಲ, ಜೇಕು. ಕೊನ್ನಾರಿ, ತುಂಗೆ ಎಂದೂ ಕರೆಯುತ್ತಾರೆ; ಗ್ರಂಥಿಗೆ ಅಂಗಡಿಯಲ್ಲಿ ಭದ್ರಮುಷ್ಟಿ ಎಂದು ಮಾರುವುದು ಇದರ ಗಡ್ಡೆಯನ್ನೇ. ಕಿತ್ತು ವಾರದೊಳಗೆ ಬೆರಳುದ್ದ ಬಂದಿದೆ ಎಂದು ನೀವು ಬರೆದಿರುವುದರಿಂದ ಇದು ಜೇಕೇ ಇರಬೇಕು. ಬೀಜದಿಂದ ಹುಟ್ಟಿದ ಸಸಿಗೆ ಆ ವೇಗ ಇರುವುದಿಲ್ಲ, ಗಡ್ಡೆಯಲ್ಲಿ ಕೂಡಿಟ್ಟ ಆಹಾರ ಇದ್ದಾಗ ಮಾತ್ರ ಹಾಗೆ ಬರುತ್ತದೆ.

ಜೇಕಿನ ಗಡ್ಡೆಗಳು ಒಂಟಿಯಾಗಿರುವುದಿಲ್ಲ. ತಂತಿಯಂಥ ಬೇರುಕಾಂಡದಲ್ಲಿ ಜಪಮಾಲೆಯ ಮಣಿಗಳ ಹಾಗೆ ಸಾಲಾಗಿ ಪೋಣಿಸಿಕೊಂಡಿರುತ್ತವೆ. ಬಹುಪಾಲು ಮೇಲಿನ 15 ಸೆಂಟಿಮೀಟರ್ ಮಣ್ಣಿನಲ್ಲಿ, ಕೆಲವು ಒಂದಡಿಗೂ ಕೆಳಗೆ. ಸರದಲ್ಲಿ ಒಂದು ಗಡ್ಡೆ ಚಿಗುರಿದಾಗ ಉಳಿದವು ನಿದ್ದೆಯಲ್ಲಿರುತ್ತವೆ. ಚಿಗುರಿದ್ದು ಉಳಿದವನ್ನು ತಡೆದಿಟ್ಟಿರುತ್ತದೆ. ಸರ ತುಂಡಾದರೆ ಆ ತಡೆ ಹೋಗುತ್ತದೆ, ಒಂದೊಂದು ಗಡ್ಡೆಯೂ ತಾನೇ ಚಿಗುರುತ್ತದೆ. ನಿಮ್ಮ ಮಾಲಿ ಹೇಳುವ ಒಂದಡಿ ಅಗೆತಕ್ಕೆ ನಾನು ಬೇಡ ಎನ್ನುವುದು ಇದಕ್ಕೇ. ಈಗ ಹತ್ತು ಕಡೆ ಇರುವುದು ಜುಲೈ ಹೊತ್ತಿಗೆ ನೂರು ಕಡೆ ಇರುತ್ತದೆ. ಜೊತೆಗೆ, ಆಳದಲ್ಲಿ ಬೆಳಕಿಲ್ಲದೆ ಮಲಗಿದ್ದ ಸಣ್ಣ ಬೀಜಗಳು ಮೇಲಕ್ಕೆ ಬಂದು ಮೊಳೆಯುತ್ತವೆ. ಮಿನಿ ಟಿಲ್ಲರ್ ಓಡಿಸಿದರೆ ಆಗುವುದೂ ಇದೇ.

ಇನ್ನು ಉಪ್ಪು. ಈ ಸಲಹೆ ಹುಟ್ಟಿದ್ದು ರಸ್ತೆಬದಿಯ, ಖಾಲಿ ಜಾಗದ ಕಾಂಗ್ರೆಸ್ ಗಿಡಕ್ಕೆ. ಅಲ್ಲಿ ಶೇ 20ರ ಉಪ್ಪು ನೀರು, ಅಂದರೆ ಲೀಟರಿಗೆ 200 ಗ್ರಾಂ, ಸಿಂಪಡಿಸುವುದುಂಟು. ಎಲೆ ಸುಡುತ್ತದೆ, ನಿಜ. ಆದರೆ ಹತ್ತು ಲೀಟರ್ ಸಿಂಪಡಿಸಿದರೆ ನಿಮ್ಮ ಹಿತ್ತಿಲಿಗೆ ಎರಡು ಕಿಲೋ ಉಪ್ಪು ಸುರಿದಂತೆ. ಉಪ್ಪಿನ ಸೋಡಿಯಂ ಜೇಡಿ ಕಣಗಳನ್ನು ಬಿಡಿಸಿಬಿಡುತ್ತದೆ. ಮಳೆ ಬಿದ್ದು ಒಣಗಿದ ಮೇಲೆ ಕೆಂಪು ಮಣ್ಣು ಹೆಂಚಿನ ಹಾಗೆ ಗಟ್ಟಿಯಾಗುತ್ತದೆ, ನೀರು ಇಂಗುವುದಿಲ್ಲ. ಮಲ್ಲಿಗೆ, ನಿಂಬೆ, ಕರಿಬೇವಿನ ಎಲೆಯಂಚು ಕಂದುತ್ತದೆ. ಇಷ್ಟಾದರೂ ಜೇಕಿನ ಗಡ್ಡೆ ಕೆಳಗೆ ಕ್ಷೇಮವಾಗಿರುತ್ತದೆ. ಅಡುಗೆಯ ವಿನೆಗರ್ ಶೇ 4ರಿಂದ 5ರ ಆಮ್ಲ. ಎರಡೆಲೆಯ ಎಳೆ ಸಸಿಯನ್ನು ಬಿಸಿಲಲ್ಲಿ ಸುಟ್ಟೀತು, ಬಲಿತ ಗಿಡಕ್ಕೆ, ಗರಿಕೆಗೆ, ಜೇಕಿಗೆ ಏನೂ ಮಾಡದು. ಎರಡನ್ನೂ ಕಲಸಿದರೂ ಗಡ್ಡೆಗೆ ತಾಗುವುದಿಲ್ಲ, ಉಪ್ಪಿನ ಕೆಡುಕು ಮಾತ್ರ ಹಾಗೇ ಉಳಿಯುತ್ತದೆ.

ಅಂಗಡಿಯವರು ಕೊಡುವುದು ಸಾಮಾನ್ಯವಾಗಿ ಗ್ಲೈಫೋಸೇಟ್, ಇಲ್ಲವೇ ಪ್ಯಾರಾಕ್ವಾಟ್, ಕೆಲವೊಮ್ಮೆ 2,4-ಡಿ. ಗ್ಲೈಫೋಸೇಟ್ ಎಲೆಯ ಮೂಲಕ ಗಡ್ಡೆಗೆ ಇಳಿಯುತ್ತದೆ ಎಂಬುದು ಸುಳ್ಳಲ್ಲ. ಆದರೆ ಚಿಗುರಿದ ಗಡ್ಡೆಗೆ ತಲುಪುವಷ್ಟು ಚೆನ್ನಾಗಿ ಸರದಲ್ಲಿ ನಿದ್ದೆಯಲ್ಲಿರುವ ಗಡ್ಡೆಗಳಿಗೆ ತಲುಪುವುದಿಲ್ಲ. ಹಾಗಾಗಿ ಒಂದು ಸಲಕ್ಕೆ ಮುಗಿಯುವುದಿಲ್ಲ, ಪದೇ ಪದೇ ಹೊಡೆಯಬೇಕಾಗುತ್ತದೆ. ಅದು ಹಸಿರೆಲೆ ಯಾವುದಿದ್ದರೂ ಬಿಡುವುದಿಲ್ಲ. ಗಾಳಿಯಲ್ಲಿ ತೇಲಿದ ಹನಿ ಮಲ್ಲಿಗೆಗೆ ತಾಗಿದರೆ ಹೊಸ ಚಿಗುರು ಸಣ್ಣಗೆ, ದಾರದಂತೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಇದನ್ನು ಬಹುಶಃ ಕ್ಯಾನ್ಸರ್ ತರಬಲ್ಲ ವಸ್ತುಗಳ ಗುಂಪಿಗೆ ಸೇರಿಸಿತು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ, ಕೀಟ ನಿಯಂತ್ರಣದ ಪರವಾನಗಿ ಇರುವವರ ಹೊರತು ಬೇರೆಯವರು ಇದನ್ನು ಬಳಸುವಂತಿಲ್ಲ ಎಂದು ಅಧಿಸೂಚನೆ ಹೊರಡಿಸಿತು. ಪ್ಯಾರಾಕ್ವಾಟ್ ವಿಷಯದಲ್ಲಿ ನಾನು ಇನ್ನೂ ಕಟುವಾಗಿ ಹೇಳುತ್ತೇನೆ: ಅದಕ್ಕೆ ಪ್ರತಿವಿಷವೇ ಇಲ್ಲ. ಒಂದೆರಡು ಗುಟುಕು ಒಳಗೆ ಹೋದರೂ ಶ್ವಾಸಕೋಶ ಕೆಡುತ್ತದೆ. ಮಗುವಿರುವ ಮನೆಗೆ ಆ ಬಾಟಲಿ ಬರಬಾರದು, ಬೀಗ ಹಾಕಿಟ್ಟರೂ ಬರಬಾರದು. 2,4-ಡಿ ಮುಖ್ಯವಾಗಿ ಅಗಲ ಎಲೆಯ ಕಳೆಗೆ, ಗರಿಕೆಗೆ ಹೇಳಿದ್ದಲ್ಲ. ಅದರ ಆವಿ ತೇಲಿಹೋಗಿ ಪಕ್ಕದ ಮನೆಯ ಟೊಮೆಟೊ, ಹುರುಳಿಕಾಯಿ ಎಲೆ ಮುರುಟುವುದು ಸಾಮಾನ್ಯ. ಜೇಕಿಗೆಂದೇ ಕಬ್ಬಿನ ಗದ್ದೆಗೆ ಬಳಸುವ ಹಾಲೋಸಲ್ಫ್ಯೂರಾನ್ ಕೂಡ ಸೊಪ್ಪು ತರಕಾರಿಯ ಮಡಿಗೆ ತರುವಂಥದ್ದಲ್ಲ.

ಹಾಗಾದರೆ ಏನು ಮಾಡಬೇಕು? ಮೈಸೂರಿನ ಮಳೆಯ ಲೆಕ್ಕ ಇಲ್ಲಿ ನಿಮ್ಮ ಪರವಾಗಿದೆ. ನಿಮ್ಮಲ್ಲಿ ಮೇ ತಿಂಗಳ ಮಳೆ ದೊಡ್ಡದು, ಆದರೆ ಅದು ಸಂಜೆಯ ಗುಡುಗು ಮಳೆ. ಮರುದಿನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಚುರುಕು ಬಿಸಿಲಿರುತ್ತದೆ. ಜೂನ್, ಜುಲೈ ಬಂದರೆ ಮೋಡ, ಜಿಟಿಜಿಟಿ. ಆಗ ಕಿತ್ತುಹಾಕಿದ ಕಳೆ ಒಣಗುವುದೇ ಇಲ್ಲ, ಬಿದ್ದಲ್ಲೇ ಬೇರು ಬಿಡುತ್ತದೆ. ಆದ್ದರಿಂದ ಜೂನ್ 8ರ ಸುಮಾರಿಗೆ ಮೃಗಶಿರ ಹುಟ್ಟುವ ಮೊದಲು ಮಾಡಿದ ಒಂದು ದಿನದ ಕೆಲಸ, ಆಮೇಲಿನ ಮೂರು ದಿನದ ಕೆಲಸಕ್ಕೆ ಸಮ.

ಮೊದಲು ಕಾಂಗ್ರೆಸ್ ಗಿಡ. ಒಂದು ಗಿಡ ಹದಿನೈದು ಇಪ್ಪತ್ತು ಸಾವಿರ ಬೀಜ ಉದುರಿಸಬಲ್ಲದು. ಮೊಳೆತು ಐದಾರು ವಾರಕ್ಕೆಲ್ಲ ಹೂ ಬಿಡುತ್ತದೆ. ಏಪ್ರಿಲ್ ಕೊನೆಯಲ್ಲಿ ಹುಟ್ಟಿದ್ದು ಜೂನ್ ಮೊದಲ ವಾರಕ್ಕೆ ಬಿಳಿ ಹೂ ತೋರಿಸುತ್ತದೆ, ಅಷ್ಟರೊಳಗೆ ಮುಗಿಸಬೇಕು. ಮಳೆ ನಿಂತ ಮರುದಿನ, ಮಣ್ಣು ಮೆತ್ತಗಿರುವಾಗ, ಬುಡವನ್ನೇ ಹಿಡಿದು ಬೇರು ಸಮೇತ ಎಳೆಯಿರಿ. ಬುಡ ಬಿಟ್ಟು ಮೇಲೆ ಕತ್ತರಿಸಿದರೆ ಪಕ್ಕದಿಂದ ಕವಲೊಡೆದು ಇನ್ನೂ ಬೇಗ ಹೂ ಬಿಡುತ್ತದೆ. ರಬ್ಬರ್ ಕೈಗವಸು, ತುಂಬುತೋಳಿನ ಅಂಗಿ ಹಾಕಿಕೊಳ್ಳಿ. ಮುಗಿದ ಮೇಲೆ ಬಟ್ಟೆ ಬೇರೆ ಒಗೆಯಿರಿ. ಚರ್ಮ ಕೆರೆತ, ಉಬ್ಬಸ ಇರುವವರು ಈ ಕೆಲಸಕ್ಕೆ ಕೈ ಹಾಕಬಾರದು, ಮೊಮ್ಮಗಳೂ ಹತ್ತಿರ ಇರಬಾರದು. ಹೂ ಬಿಡದ ಗಿಡ ಗೊಬ್ಬರದ ಗುಂಡಿಗೆ ಹೋಗಬಹುದು. ಹೂ ಬಿಟ್ಟದ್ದನ್ನು ಚೀಲದಲ್ಲಿ ಕಟ್ಟಿ ಎರಡಡಿ ಆಳಕ್ಕೆ ಹೂಳಿ. ಕೀಳುವಾಗ ಎಲೆಯ ಮೇಲೆ ಕೆನೆ ಬಣ್ಣದ ಮೈಗೆ ಕಂದು ಗೀರುಗಳಿರುವ ದುಂಡು ಜೀರುಂಡೆ ಕಂಡರೆ ಕೊಲ್ಲಬೇಡಿ. ಕಾಂಗ್ರೆಸ್ ಗಿಡ ತಿನ್ನಲೆಂದೇ ಮೆಕ್ಸಿಕೋದಿಂದ 1983ರಲ್ಲಿ ತರಿಸಿ ಮರುವರ್ಷ ಬೆಂಗಳೂರಿನಲ್ಲಿ ಬಿಟ್ಟ ಹುಳು ಅದು. ಮಳೆ ಬಿದ್ದ ಮೇಲೆ ಮಣ್ಣಿನಿಂದ ಎದ್ದುಬರುತ್ತದೆ. ಹಿತ್ತಿಲಿನ ಕೆಲಸ ಅದಕ್ಕೆ ಬಿಡಲಾಗದು, ಆದರೆ ಬೇಲಿಯಾಚೆಯ ಖಾಲಿ ಸೈಟಿನಲ್ಲಿ ಅದು ದುಡಿಯುತ್ತದೆ.

ಬೀಜದಿಂದ ಹುಟ್ಟಿದ ಉಳಿದ ಸಣ್ಣ ಕಳೆಗೆ ಕೀಳುವ ಕಷ್ಟವೇ ಬೇಡ. ಸಸಿ ಎರಡರಿಂದ ನಾಲ್ಕೆಲೆಯಲ್ಲಿದ್ದು ಬೇರು ಬಿಳಿ ದಾರದಷ್ಟಿರುವಾಗ, ಬಿಸಿಲಿರುವ ದಿನ ಬೆಳಿಗ್ಗೆ ಒಂಬತ್ತರ ಸುಮಾರಿಗೆ, ಹರಿತವಾದ ಕುರ್ಪಿಯನ್ನು ನೆಲಕ್ಕೆ ಮಲಗಿಸಿ ಮೇಲಿನ 2 ಸೆಂಟಿಮೀಟರ್ ಮಣ್ಣನ್ನಷ್ಟೇ ಕೆರೆಯುತ್ತ ಹೋಗಿ. ಮಧ್ಯಾಹ್ನಕ್ಕೆ ಬಾಡಿ ಸತ್ತಿರುತ್ತದೆ. ಮಣ್ಣು ಕೈಗೆ ಅಂಟುವಷ್ಟು ಹಸಿಯಿದ್ದರೆ ಒಂದು ದಿನ ಕಾಯಿರಿ. ಹಸಿಯಲ್ಲಿ ಕೆರೆದರೆ ಸಸಿ ಜಾಗ ಬದಲಿಸುತ್ತದೆ, ಸಾಯುವುದಿಲ್ಲ. ಮುಂದಿನ ಮಳೆಗೆ ಇನ್ನೊಂದು ತಂಡ ಮೊಳೆಯುತ್ತದೆ. ಅದು ಒಳ್ಳೆಯದೇ, ಹತ್ತು ಹನ್ನೆರಡು ದಿನ ಬಿಟ್ಟು ಅದನ್ನೂ ಹಾಗೇ ಕೆರೆಯಿರಿ. ಹೀಗೆ ಎರಡು ಸಲ, ಸಾಧ್ಯವಾದರೆ ಮೂರು ಸಲ ಮಾಡಿ, ಆಮೇಲೆ ಮಣ್ಣು ಮಗುಚದೆ ಬೀಜ ಬಿತ್ತಿದರೆ ಸೊಪ್ಪಿನ ಮಡಿಯಲ್ಲಿ ಕಳೆ ಅರ್ಧಕ್ಕೂ ಕಡಿಮೆ. ಮೇಲುಮಣ್ಣಿನ ಬೀಜ ಖರ್ಚಾಗಿರುತ್ತದೆ, ಕೆಳಗಿನದನ್ನು ನೀವು ಮೇಲೆ ತಂದಿರುವುದಿಲ್ಲ. ಬಿತ್ತನೆ ತಡವಾಯಿತಲ್ಲ ಎಂದು ಚಡಪಡಿಸಬೇಡಿ. ಮೇ ಮಧ್ಯದಲ್ಲಿ ಅವಸರಕ್ಕೆ ಎರಚಿದ ದಂಟಿನ ಬೀಜಕ್ಕಿಂತ ಜೂನ್ ಎರಡನೇ ವಾರ ಸಾಲಿನಲ್ಲಿ ಬಿತ್ತಿದ್ದು ಚೆನ್ನಾಗಿ ಕೈಗೆ ಬರುತ್ತದೆ.

ಈ ಗುಂಪಿನಲ್ಲಿ ಎರಡು ಸಸ್ಯಗಳ ಬಗ್ಗೆ ಮಾತ್ರ ಎಚ್ಚರ. ಗೋಣಿಸೊಪ್ಪಿನ ದಪ್ಪ ಕಾಂಡದಲ್ಲಿ ನೀರಿರುತ್ತದೆ. ಕಿತ್ತು ಅಲ್ಲೇ ಬಿಟ್ಟರೆ ತುಂಡು ತುಂಡೂ ಬೇರು ಬಿಡುತ್ತದೆ, ಹೂವಿದ್ದರೆ ಬಿದ್ದಲ್ಲೇ ಬೀಜ ಬಲಿಸುತ್ತದೆ. ನೀಲಿ ಹೂವಿನ ಕನ್ನೆಸೊಪ್ಪು ಇನ್ನೂ ಜಾಣ. ಮೇಲಿನ ಹೂವಲ್ಲದೆ ಮಣ್ಣಿನೊಳಗೂ ಮುಚ್ಚಿದ ಹೂ ಬಿಟ್ಟು ಅಲ್ಲೇ ಬೀಜ ಕಟ್ಟುತ್ತದೆ. ಅದನ್ನು ಕೈಯಿಂದ ಎಳೆದು ತೆಗೆದರೆ ಕೆಲಸ ಅರ್ಧ ಮಾತ್ರ. ಕುರ್ಪಿ ಬುಡಕ್ಕೆ ಚುಚ್ಚಿ ಬಿಳಿ ಬೇರುಕಾಂಡದ ಸಮೇತ ಎತ್ತಿ. ಇವೆರಡನ್ನೂ ಬುಟ್ಟಿಗೆ ಹಾಕಿ ಹೊರಗೊಯ್ಯಿರಿ. ಹೊರಗೆ ಎಂದರೆ ಅಡುಗೆಮನೆಗೂ ಆಗಬಹುದು: ಗೋಣಿ, ಕನ್ನೆ, ಅಣ್ಣೆ, ಕೊಮ್ಮೆ ಎಲ್ಲ ಬೆರಕೆ ಸೊಪ್ಪಿನ ಸಾರಿಗೆ ಸಲ್ಲುವವೇ. ಗುರುತು ಬಲ್ಲವರು ಮನೆಯಲ್ಲಿದ್ದರೆ, ಈವರೆಗೆ ಏನನ್ನೂ ಸಿಂಪಡಿಸಿಲ್ಲದಿದ್ದರೆ, ನಾಯಿ ಗಲೀಜು ಮಾಡುವ ಮೂಲೆಯದಲ್ಲದಿದ್ದರೆ ಎಳೆಯದನ್ನು ಚಿವುಟಿಕೊಳ್ಳಿ. ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆ ಇರುವವರಿಗೆ ಗೋಣಿಸೊಪ್ಪು ಬೇಡ, ಅದರಲ್ಲಿ ಆಕ್ಸಲೇಟ್ ಹೆಚ್ಚು.

ಗರಿಕೆ ನೆಲದ ಮೇಲೂ ಹರಿಯುತ್ತದೆ, ಕೆಳಗೂ ಹರಿಯುತ್ತದೆ. ಗೆಣ್ಣು ಗೆಣ್ಣಿನಲ್ಲೂ ಚಿಗುರುತ್ತದೆ. ಹಲ್ಲಿರುವ ಫೋರ್ಕ್ ಚುಚ್ಚಿ ಮಣ್ಣು ಸಡಿಲಿಸಿ, ಬಳ್ಳಿಯನ್ನು ತುಂಡಾಗದಂತೆ ಉದ್ದಕ್ಕೆ ಎಳೆಯಿರಿ. ಗುದ್ದಲಿಯಿಂದ ಕೊಚ್ಚಬೇಡಿ. ಗೌರಿ ಗಣೇಶಕ್ಕೆ ಗರಿಕೆ ಬೇಕೆನಿಸಿದರೆ ಒಂದು ಕುಂಡದಲ್ಲಿ ಬೆಳೆಸಿಕೊಳ್ಳಿ. ಗುಲಾಬಿ ಬಣ್ಣದ ಹೂ ಬಿಡುವ ದೊಡ್ಡೆಲೆಯ ಹುಳಿಸೊಪ್ಪು ಕಂಡರೂ ಫೋರ್ಕೇ ಸರಿ. ಎಳೆದರೆ ಎಲೆ ಮಾತ್ರ ಕೈಗೆ ಬಂದು, ಬುಡದ ಸಣ್ಣ ಸಣ್ಣ ಗೆಡ್ಡೆಗಳು ಮಣ್ಣಲ್ಲಿ ಚೆದುರುತ್ತವೆ.

ಈಗ ಜೇಕಿಗೆ ಬರೋಣ, ನಿಮ್ಮ ನಿಜವಾದ ಎದುರಾಳಿ ಇದೇ. ಇದಕ್ಕೆ ಮೂರು ದಾರಿಗಳಿವೆ. ಹಿತ್ತಿಲಿನ ಬೇರೆ ಬೇರೆ ಭಾಗಕ್ಕೆ ಬೇರೆ ಬೇರೆ ದಾರಿ ಹಿಡಿಯಿರಿ ಎಂಬುದು ನನ್ನ ಸಲಹೆ.

ತರಕಾರಿ ಮಡಿಗೆಂದು ಗುರುತಿಸಿದ ಜಾಗವನ್ನು, 3 ಅಡಿ ಅಗಲ 10 ಅಡಿ ಉದ್ದದ ಒಂದು ಮಡಿ ಎಂದಿಟ್ಟುಕೊಳ್ಳಿ, ಜರಡಿ ಹಿಡಿಯುವುದೇ ಶಾಶ್ವತಕ್ಕೆ ಹತ್ತಿರದ ಉಪಾಯ. ಎರಡು ಮೂರು ದಿನ ಮಳೆ ಬಿಡುವು ಕೊಟ್ಟಾಗ, ಮಣ್ಣು ಪುಡಿಯಾಗುವ ಹದದಲ್ಲಿ, ಫೋರ್ಕ್‌ನಿಂದ 8 ಅಂಗುಲ ಆಳದವರೆಗೆ ಮಣ್ಣನ್ನು ಹೆಂಟೆ ಹೆಂಟೆಯಾಗಿ ಎತ್ತಿ. ಕಾಲಂಗುಲ ಕಣ್ಣಿನ ಜರಡಿಯಲ್ಲಿ ಜಾಲಿಸಿ ಮಣ್ಣನ್ನು ವಾಪಸು ಹಾಕಿ. ಇಬ್ಬರಿಗೆ ಒಂದು ಇಡೀ ದಿನದ ಕೆಲಸ. ಸಲಿಕೆ ಬಳಸಿದರೆ ಸರ ತುಂಡಾಗುತ್ತದೆ ನಿಜ, ಆದರೆ ಜರಡಿಯಲ್ಲಿ ಬಹುಪಾಲು ಸಿಗುವುದರಿಂದ ಇಲ್ಲಿ ಅಷ್ಟು ಭಯವಿಲ್ಲ. ಹಾಗೇ ಅಗೆದು ಮಗುಚುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅದೇ. ಸಿಕ್ಕ ಗಡ್ಡೆಗಳನ್ನು ಗೊಬ್ಬರದ ಗುಂಡಿಗೆ ಎಂದೂ ಹಾಕಬೇಡಿ. ತಗಡಿನ ಮೇಲೆ ಒಂದೇ ಪದರವಾಗಿ ಹರಡಿ ಹತ್ತು ದಿನ ಖಡಕ್ ಬಿಸಿಲು ಸಿಕ್ಕರೆ ಒಣಗಿ ಸಾಯುತ್ತವೆ. ಈಗಿನ ಸಂಜೆ ಮಳೆಯಲ್ಲಿ ಅದು ಕಷ್ಟ. ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಬೇಯಿಸಿ ಚೆಲ್ಲಿ, ಅಥವಾ ನೀರೊಲೆ ಇದ್ದರೆ ಅದಕ್ಕೆ ಹಾಕಿ.

ಮಲ್ಲಿಗೆ, ನಿಂಬೆಯ ಬುಡದಲ್ಲಿ ಹಾಗೆ ಅಗೆಯಲಾಗದು, ಬೇರು ಕಡಿದುಹೋಗುತ್ತದೆ. ಅಲ್ಲಿ ಜೇಕನ್ನು ಉಪವಾಸ ಕೆಡವಬೇಕು. ಚಿಗುರಿದ ಗಿಡ ಮೊದಲ ಮೂರು ವಾರ ಗಡ್ಡೆಯ ಕೂಡಿಟ್ಟ ಆಹಾರವನ್ನೇ ತಿನ್ನುತ್ತದೆ, ಆಮೇಲೆ ತಾನೇ ದುಡಿದು ಹೊಸ ಗಡ್ಡೆ ಕಟ್ಟತೊಡಗುತ್ತದೆ. ಹಾಗಾಗಿ ಎರಡು ವಾರಕ್ಕೊಮ್ಮೆ, ಐದಾರು ಎಲೆ ಆಗುವ ಮೊದಲೇ, ಕುರ್ಪಿಯಿಂದ ನೆಲದ ಒಂದಂಗುಲ ಕೆಳಗೆ ಕತ್ತರಿಸಿ. ಒಂದೇ ಗಡ್ಡೆ ಹಲವು ಸಲ ಚಿಗುರಬಲ್ಲದು, ಆದ್ದರಿಂದ ಮೊದಲ ಎರಡು ತಿಂಗಳು ಏನೂ ಕಡಿಮೆಯಾಗಿಲ್ಲ ಎಂದೇ ಅನಿಸುತ್ತದೆ. ಹೆಚ್ಚಿನವರು ಕೈಬಿಡುವುದು ಅಲ್ಲಿಯೇ. ನವೆಂಬರ್‌ವರೆಗೆ ತಪ್ಪದೆ ಮಾಡಿದರೆ ಚಿಗುರು ತೆಳ್ಳಗಾಗುವುದು, ವಿರಳವಾಗುವುದು ಕಣ್ಣಿಗೆ ಕಾಣುತ್ತದೆ. ಪೂರ್ತಿ ಹೋಗಲು ಎರಡು ಮಳೆಗಾಲ ಹಿಡಿಯುತ್ತದೆ. ನಡುವೆ ಒಂದು ತಿಂಗಳು ಊರಿಗೆ ಹೋಗಿ ಬಿಟ್ಟರೆ ಹಳೆಯ ಲೆಕ್ಕಕ್ಕೇ ವಾಪಸು ಬರುತ್ತೀರಿ. ಆ ಸಮಯಕ್ಕೆ ಯಾರಿಗಾದರೂ ಒಪ್ಪಿಸಿ ಹೋಗಿ.

ಉಳಿದ ಖಾಲಿ ಜಾಗಕ್ಕೆ ನೆರಳೇ ಆಯುಧ. ಜೇಕು ಬಿಸಿಲ ಗಿಡ, ನೆರಳಲ್ಲಿ ಸೊರಗುತ್ತದೆ. ಒಮ್ಮೆ ಕೆರೆದ ತಕ್ಷಣ 100 ಚದರ ಅಡಿಗೆ 100 ಗ್ರಾಂ ಅಪ್ಸೆಣಬಿನ ಬೀಜವನ್ನು ಒತ್ತೊತ್ತಾಗಿ ಬಿತ್ತಿ, ಅಥವಾ ಒಂದಡಿ ಅಂತರದ ಸಾಲಿನಲ್ಲಿ ಅಲಸಂದೆ ಹಾಕಿ. 40 ದಿನದ ಹೊತ್ತಿಗೆ ಕೆಳಗೆ ಕತ್ತಲಾಗುತ್ತದೆ. ಅಪ್ಸೆಣಬನ್ನು ಹೂ ಬರುವ ಮೊದಲು, 45 ದಿನಕ್ಕೆ, ಕತ್ತರಿಸಿ ಅಲ್ಲೇ ಹಾಸಿ. ಸಿಹಿಗೆಣಸಿನ ಬಳ್ಳಿಯೂ ನೆಲ ಮುಚ್ಚುತ್ತದೆ, ಆದರೆ ಜೇಕು ದಟ್ಟವಾಗಿರುವಲ್ಲಿ ಅದರ ಮೊನೆ ಗೆಣಸನ್ನೇ ತೂತು ಮಾಡುತ್ತದೆ, ಹಾಗಾಗಿ ಈ ವರ್ಷ ಬೇಡ.

ಆ ಮೊನೆಯ ಕಾರಣದಿಂದಲೇ ಕಪ್ಪು ಪ್ಲಾಸ್ಟಿಕ್ ಹಾಳೆ, ರಟ್ಟು ಇವುಗಳ ಮೇಲೆ ಜೇಕಿನ ವಿಷಯದಲ್ಲಿ ಭರವಸೆ ಇಡಬೇಡಿ. ಕತ್ತಲಲ್ಲಿ ಅದರ ಚಿಗುರು ಎಲೆ ಬಿಡಿಸದೆ ಸೂಜಿಯ ಹಾಗೆ ನೇರ ಮೇಲೆ ಬಂದು ಹಾಳೆ ತೂರುತ್ತದೆ. ಪಾರದರ್ಶಕ ಹಾಳೆಯ ಕೆಳಗೆ ಬೆಳಕು ಸಿಗುವುದರಿಂದ ಎಲೆ ಅಲ್ಲೇ ಬಿಚ್ಚಿಕೊಳ್ಳುತ್ತದೆ, ತೂರಲಾರದೆ ಬೇಯುತ್ತದೆ. ಮುಂದಿನ ವರ್ಷ ಮಾರ್ಚ್‌ನಲ್ಲಿ ನೆಲಕ್ಕೆ ಚೆನ್ನಾಗಿ ನೀರುಣಿಸಿ, 25ರಿಂದ 50 ಮೈಕ್ರಾನ್‌ನ ಪಾರದರ್ಶಕ ಪಾಲಿಥೀನ್ ಬಿಗಿಯಾಗಿ ಹೊದಿಸಿ, ಅಂಚನ್ನು ಮಣ್ಣಲ್ಲಿ ಹೂತು, ಐದಾರು ವಾರ ಬಿಡಿ. ಮೇಲ್ಪದರದ ಬೀಜ, ಗಡ್ಡೆಗಳಿಗೆ ಒಳ್ಳೆಯ ಪೆಟ್ಟು ಬೀಳುತ್ತದೆ, ಆಳದವು ಉಳಿಯುತ್ತವೆ. ಈಗ ಮೋಡ ಕವಿಯುವ ಕಾಲ, ಪ್ರಯೋಜನವಿಲ್ಲ.

ಜೇಕಿಲ್ಲದ ಕಡೆ ಮುಚ್ಚಿಗೆಗಿಂತ ಒಳ್ಳೆಯ ಉಪಾಯ ಇಲ್ಲ. ತರಗೆಲೆ, ಅಡಿಕೆ ಸೋಗೆ, ಕಬ್ಬಿನ ರವದಿ, ತೆಂಗಿನ ಗರಿಯ ಚೂರು, ಯಾವುದಾದರೂ ಸರಿ, ಹಾಸುವಾಗ 4 ಅಂಗುಲ ದಪ್ಪ ಇರಲಿ. ಕುಸಿದು ಎರಡಕ್ಕೆ ನಿಲ್ಲುತ್ತದೆ. 100 ಚದರ ಅಡಿಗೆ 33 ಘನ ಅಡಿ, ಅಂದರೆ ದೊಡ್ಡ ಗೋಣಿಚೀಲದಲ್ಲಿ ಹನ್ನೊಂದು ಚೀಲ ತರಗೆಲೆ ಬೇಕು. ಹೆಚ್ಚಿನವರು ಮೂರು ನಾಲ್ಕು ಚೀಲ ಉದುರಿಸಿ ಮುಚ್ಚಿಗೆ ಕೆಲಸ ಮಾಡಲಿಲ್ಲ ಎನ್ನುತ್ತಾರೆ. ಭತ್ತದ ಹುಲ್ಲಾದರೆ ಕೊಡವಿ ಹಾಸಿ, ಇಲ್ಲದಿದ್ದರೆ ಉಳಿದ ಭತ್ತ ಮೊಳೆಯುತ್ತದೆ. ಗಿಡದ ಕಾಂಡದಿಂದ ಎರಡು ಮೂರು ಅಂಗುಲ ದೂರ ಬಿಡಿ, ತಾಗಿದರೆ ಬುಡ ಕೊಳೆಯುತ್ತದೆ, ಗೆದ್ದಲು ಹತ್ತುತ್ತದೆ. ಜಿಟಿ ಮಳೆಯಲ್ಲಿ ಮುಚ್ಚಿಗೆಯ ಕೆಳಗೆ ಬಸವನಹುಳು ಸೇರುತ್ತದೆ. ಎಳೆ ಸೊಪ್ಪಿನ ಮಡಿಗೆ ಸಸಿ ನಾಲ್ಕು ಅಂಗುಲ ಬೆಳೆದ ಮೇಲೆಯೇ ಹಾಸಿ, ರಾತ್ರಿ ಟಾರ್ಚ್ ಹಿಡಿದು ಹುಳು ಆರಿಸಿ.

ಜರಡಿ ಹಿಡಿದ ಮಡಿಯಲ್ಲಿ ಬೀಜ ಎರಚಬೇಡಿ. ಹರಿವೆ, ದಂಟು, ಮೆಂತ್ಯ ಯಾವುದೇ ಆಗಲಿ ದಾರ ಕಟ್ಟಿ 20 ಸೆಂಟಿಮೀಟರ್‌ಗೆ ಒಂದು ಸಾಲು ಬಿತ್ತಿ. ಸಾಲಿನಲ್ಲಿಲ್ಲದ ಸಸಿ ಎಲ್ಲವೂ ಕಳೆ ಎಂದು ಕಣ್ಣುಮುಚ್ಚಿ ತೆಗೆಯಬಹುದು, ಕುರ್ಪಿಯೂ ಆಡುತ್ತದೆ. ಬಿತ್ತಿ ಹದಿನೈದನೇ ದಿನ ಒಮ್ಮೆ, ಮೂವತ್ತನೇ ದಿನ ಒಮ್ಮೆ ಕಳೆ ತೆಗೆದರೆ ಸೊಪ್ಪೇ ಮುಂದೆ ನೆಲ ಮುಚ್ಚಿಕೊಳ್ಳುತ್ತದೆ.

ಚಪ್ಪಡಿ ಕಲ್ಲಿನ ಸಂದಿಯಲ್ಲೂ ಕಳೆ ಎದ್ದಿದ್ದರೆ ಅಲ್ಲಿಗೆ ಕುದಿಯುವ ನೀರು ಸಾಕು. ಮಗು, ನಾಯಿಯನ್ನು ಒಳಗೆ ಬಿಟ್ಟು, ಕಾಲಿಗೆ ಶೂ ಹಾಕಿಕೊಂಡು, ಬುಡಕ್ಕೇ ಬೀಳುವಂತೆ ಹುಯ್ಯಿರಿ. ಹತ್ತು ದಿನ ಬಿಟ್ಟು ಇನ್ನೊಮ್ಮೆ. ಗಿಡದ ಬೇರಿರುವ ಕಡೆ, ಪ್ಲಾಸ್ಟಿಕ್ ಪೈಪು ಹೋಗಿರುವ ಕಡೆ ಬೇಡ.

ಇನ್ನೊಂದು ಲೋಡು ಮಣ್ಣು ತರಿಸುವ ಮಾತಿದ್ದರೆ ಮೊದಲು ಅದೇ ಗುಡ್ಡೆಯ ಐದಾರು ಕಡೆಯಿಂದ ಒಂದೊಂದು ಹಿಡಿ ತಂದು ಟ್ರೇನಲ್ಲಿ ಹರಡಿ, ಬಿಸಿಲಿರುವ ಕಡೆ ಇಟ್ಟು, ಹದಿನೈದು ದಿನ ನೀರು ಹಾಕಿ ನೋಡಿ. ಮೂರಂಚಿನ ಕಾಂಡ ಒಂದೇ ಒಂದು ಎದ್ದರೂ ಆ ಲೋಡು ಬೇಡ. ನರ್ಸರಿಯಿಂದ ತಂದ ಗಿಡದ ಕವರನ್ನೂ ನೆಡುವ ಮುಂಚೆ ಕತ್ತರಿಸಿ, ಮಣ್ಣಿನ ಮುದ್ದೆಯ ಸುತ್ತ ಕಪ್ಪು ಗಡ್ಡೆ ಅಂಟಿದೆಯೇ ಎಂದು ನೋಡಿಕೊಳ್ಳಿ.